ಆನುವಂಶಿಕ ಗುರುತುಗಳಿಂದ ಜನಸಮುದಾಯಗಳ ನಂಟನ್ನು ಓದುವ ಬಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳಲ್ಲಿ ಜೀವವಿಜ್ಞಾನ ಓದುವ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಹುಡುಕುವಾಗ ಬಹಳ ಸಲ ಒಂದೇ ಪ್ರಶ್ನೆಯನ್ನು ಹಿಡಿದು ಬರುತ್ತಾರೆ: ‘ಡಿಎನ್‌ಎ ಪರೀಕ್ಷೆ ಮಾಡಿಸಿ ನಮ್ಮ ಜನ ಮೂಲದಲ್ಲಿ ಎಲ್ಲಿಂದ ಬಂದವರೆಂದು ತಿಳಿಯಬಹುದೇ?’ ಪ್ರಶ್ನೆ ಪ್ರಾಮಾಣಿಕವಾದದ್ದು, ಆದರೆ ಆ ರೂಪದಲ್ಲಿ ಅದಕ್ಕೆ ಉತ್ತರವಿಲ್ಲ. ‘ನಮ್ಮ ಜನ’ ಎಂಬ ಗುಂಪಿನ ಎಲ್ಲೆ ಯಾವುದು, ‘ಮೂಲ’ ಎಂದರೆ ಎಷ್ಟು ತಲೆಮಾರಿನ ಹಿಂದಿನ ಮಾತು, ಯಾರೊಂದಿಗೆ ಹೋಲಿಸಿ ನೋಡಬೇಕು ಎಂಬ ಮೂರನ್ನೂ ಮೊದಲು ಇತ್ಯರ್ಥ ಮಾಡಿಕೊಳ್ಳದೆ ಪ್ರಯೋಗಾಲಯದ ಬಾಗಿಲು ತಟ್ಟಿದರೆ ಹಣವೂ ಜನರ ವಿಶ್ವಾಸವೂ ವ್ಯರ್ಥವಾಗುತ್ತವೆ. ಈ ಕೆಲಸದಲ್ಲಿ ಫಲಿತಾಂಶದ ಬಹುಪಾಲು ತೀರ್ಮಾನವಾಗುವುದು ಗಣಕದ ಮುಂದಲ್ಲ, ಊರಿನ ಜಗಲಿಯ ಮೇಲೆ ಕುಳಿತು ಅಜ್ಜ ಅಜ್ಜಿಯರ ತವರೂರು ಯಾವುದೆಂದು ಕೇಳಿ ಬರೆದುಕೊಳ್ಳುವಾಗ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಈ ಬರಹದಲ್ಲಿ ಆ ಹಂತಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಪ್ರಶ್ನೆಯನ್ನು ರೂಪಿಸಿಕೊಳ್ಳುವುದು

ಒಬ್ಬ ವ್ಯಕ್ತಿಗೆ ಹತ್ತು ತಲೆಮಾರಿನ ಹಿಂದೆ ಲೆಕ್ಕದ ಪ್ರಕಾರ 1,024 ಪೂರ್ವಜರಿರುತ್ತಾರೆ. ತಲೆಮಾರಿಗೆ ಸುಮಾರು 29 ವರ್ಷ ಹಿಡಿದರೆ ಅದು 290 ವರ್ಷಗಳ ಹಿಂದಿನ ಕಾಲ. ಆ 1,024 ಮಂದಿಯಲ್ಲಿ ತಂದೆಯ ತಂದೆಯ ತಂದೆ ಎಂದು ನೇರವಾಗಿ ಸಾಗುವ ಒಬ್ಬ ಪುರುಷನೂ, ತಾಯಿಯ ತಾಯಿಯ ತಾಯಿ ಎಂದು ಸಾಗುವ ಒಬ್ಬ ಮಹಿಳೆಯೂ ಮಾತ್ರ ‘ವಂಶದ ಮೂಲ’ ಎಂಬ ಜನಪ್ರಿಯ ಕಲ್ಪನೆಗೆ ಸಿಗುತ್ತಾರೆ. ಉಳಿದ 1,022 ಮಂದಿ ಅದರಿಂದ ಹೊರಗುಳಿಯುತ್ತಾರೆ. ಹಾಗಾಗಿ ‘ನಾನು ಯಾರು’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ‘ಈ ಗುಂಪಿನವರು ಆ ಗುಂಪಿಗಿಂತ ಈ ಇನ್ನೊಂದು ಗುಂಪಿಗೆ ಹತ್ತಿರವೇ’ ಎಂಬ ಹೋಲಿಕೆಯ ಪ್ರಶ್ನೆಯನ್ನು ಹಿಡಿಯಬೇಕು.

ನಮ್ಮ ಸೀಮೆಯಲ್ಲಿ ಅಂಥ ಪ್ರಶ್ನೆಗಳಿಗೆ ಬರವಿಲ್ಲ. ಒಂದೇ ಹೆಸರಿನ ಸಮುದಾಯಕ್ಕೆ ಮುಳಬಾಗಿಲಿನಲ್ಲಿ ಮನೆಮಾತು ತೆಲುಗು, ಗುಬ್ಬಿಯಲ್ಲಿ ಕನ್ನಡ ಎಂದಿರುವುದನ್ನು ಇಲ್ಲಿನವರೆಲ್ಲ ಬಲ್ಲರು. ಈ ಇಬ್ಬರೂ ಒಬ್ಬರಿಗೊಬ್ಬರು ಹತ್ತಿರವೇ, ಅಥವಾ ತಂತಮ್ಮ ಊರಿನ, ಅದೇ ಮಾತನ್ನಾಡುವ ನೆರೆಯ ಸಮುದಾಯಗಳಿಗೆ ಹೆಚ್ಚು ಹತ್ತಿರವೇ? ಇದು ಆನುವಂಶಿಕ ಗುರುತುಗಳು, ಅಂದರೆ ಜನರಿಂದ ಜನರಿಗೆ ಬೇರೆಯಾಗುವ ಡಿಎನ್‌ಎ ತಾಣಗಳು, ಉತ್ತರಿಸಬಲ್ಲ ಪ್ರಶ್ನೆ. ಇನ್ನೊಂದು ಕಡೆ, ಕೋಲಾರ ಚಿನ್ನದ ಗಣಿಗೆ 1880ರಿಂದೀಚೆಗೆ ತಮಿಳು ಮತ್ತು ತೆಲುಗು ನಾಡುಗಳಿಂದ ದುಡಿಯಲು ಬಂದ ಕುಟುಂಬಗಳನ್ನು ಡಿಎನ್‌ಎಯಿಂದ ಊರೂರಿಗೆ ವಿಂಗಡಿಸಲು ಹೊರಟರೆ ಕೆಲಸ ಕೆಡುತ್ತದೆ. ಐದಾರು ತಲೆಮಾರಿನಲ್ಲಿ, ಅದೂ ನೆರೆಹೊರೆಯ ಜಿಲ್ಲೆಗಳ ನಡುವೆ, ಗುರುತಿಸಬಹುದಾದ ಹೊಸ ವ್ಯತ್ಯಾಸ ಹುಟ್ಟುವುದಿಲ್ಲ. ಅಲ್ಲಿ ಕೆಲಸದ ದಾಖಲೆ, ಚರ್ಚಿನ ದಾಖಲೆ, ಹಿರಿಯರ ನೆನಪು ಇವೇ ಹೆಚ್ಚು ನಿಖರವಾದ ಸಾಕ್ಷಿ. ಇದಕ್ಕೆ ವಿರುದ್ಧ ತುದಿಯ ಉದಾಹರಣೆ ಉತ್ತರ ಕನ್ನಡದ ಸಿದ್ದಿ ಸಮುದಾಯದ್ದು. ಆಫ್ರಿಕದ ಪೂರ್ವಜರು ಮತ್ತು ಭಾರತದ ಪೂರ್ವಜರು ತಳೀಯವಾಗಿ ಬಹಳ ದೂರದವರಾದ ಕಾರಣ, ಕೆಲವೇ ಶತಮಾನಗಳ ಹಿಂದಿನ ಮಿಶ್ರಣವೂ ಸಿದ್ದಿಗಳ ಜೀನೋಮಿನಲ್ಲಿ (ಒಟ್ಟು ಡಿಎನ್‌ಎಯಲ್ಲಿ) ಸ್ಪಷ್ಟವಾಗಿ ಕಾಣುತ್ತದೆ. ಕೂಡಿದ ಎರಡು ಧಾರೆಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಓದು ಸುಲಭ, ಕಡಿಮೆಯಾದಷ್ಟೂ ಕಷ್ಟ ಎಂಬುದನ್ನು ಪ್ರಶ್ನೆ ಬರೆಯುವಾಗಲೇ ಮನಸ್ಸಿನಲ್ಲಿಡಬೇಕು.

ಯಾವ ಗುರುತು, ಯಾವ ಕೆಲಸಕ್ಕೆ

ಮನುಷ್ಯನ ಜೀನೋಮಿನಲ್ಲಿ ಎ, ಟಿ, ಜಿ, ಸಿ ಎಂದು ಬರೆಯುವ ಸುಮಾರು 300 ಕೋಟಿ ಅಕ್ಷರಗಳಿವೆ. ಯಾವುದೇ ಇಬ್ಬರನ್ನು ಹೋಲಿಸಿದರೆ ಸರಾಸರಿ ಸಾವಿರ ಅಕ್ಷರಕ್ಕೆ ಒಂದು ಬೇರೆಯಾಗಿರುತ್ತದೆ. ಹೀಗೆ ಒಂದೇ ಅಕ್ಷರ ಬದಲಾಗಿರುವ ತಾಣವನ್ನು ಎಸ್‌ಎನ್‌ಪಿ ಎಂದು ಬರೆದು ‘ಸ್ನಿಪ್’ ಎಂದು ಕರೆಯುತ್ತಾರೆ. ಡಿಎನ್‌ಎ ಓದಲು ಬಳಸುವ ಇಂದಿನ ಚಿಪ್‌ಗಳು ಒಂದು ಮಾದರಿಯಲ್ಲಿ ಆರೇಳು ಲಕ್ಷ ಸ್ನಿಪ್‌ಗಳನ್ನು ಒಮ್ಮೆಗೇ ಓದುತ್ತವೆ. ಎರಡರಿಂದ ಆರು ಅಕ್ಷರಗಳ ತುಣುಕು ಮತ್ತೆ ಮತ್ತೆ ಬಂದಿರುವ ತಾಣಗಳಿಗೆ ಎಸ್‌ಟಿಆರ್ ಎಂದು ಹೆಸರು. ಇವು ಬೇಗ ಬದಲಾಗುತ್ತವೆ. ನ್ಯಾಯಾಲಯದ ಪಿತೃತ್ವ ಪರೀಕ್ಷೆಗೆ ಬಳಸುವುದು ಇವನ್ನೇ. ಸಮುದಾಯಗಳ ಹಳೆಯ ನಂಟನ್ನು ಓದಲು ಸ್ನಿಪ್‌ಗಳೇ ಹೆಚ್ಚು ಸೂಕ್ತ.

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದ 16,569 ಅಕ್ಷರಗಳ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ, ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಸಾಗುತ್ತದೆ. ಇವೆರಡೂ ಬೆರಕೆಯಾಗದೆ ಹರಿಯುವುದರಿಂದ ಕವಲುಗಳಾಗಿ, ಅಂದರೆ ಒಬ್ಬ ಪೂರ್ವಜರಿಂದ ಹೊರಟ ಸಾಲುಗಳಾಗಿ, ವಿಂಗಡಿಸುವುದು ಸುಲಭ. ಭಾರತದಲ್ಲಿ ತಾಯಿಯ ಕಡೆಯ ‘ಎಂ’ ಕವಲಿನ ಉಪಕವಲುಗಳು ಹೇರಳವಾಗಿವೆ. ತಂದೆಯ ಕಡೆ ‘ಎಚ್’, ‘ಎಲ್’, ‘ಆರ್1ಎ’, ‘ಆರ್2’, ‘ಜೆ2’ ಮೊದಲಾದವು ದಕ್ಷಿಣದ ಸಮುದಾಯಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಸಿಗುತ್ತವೆ. ಇಲ್ಲಿ ನಮ್ಮ ಸಮಾಜದ ಕಟ್ಟುಪಾಡನ್ನು ಬಲ್ಲವರಿಗೆ ಒಂದು ಅನುಕೂಲವಿದೆ. ಬೆಡಗು ಅಥವಾ ಗೋತ್ರ, ಅದರ ಜೊತೆಗೆ ಮನೆದೇವರು, ತಂದೆಯಿಂದ ಮಕ್ಕಳಿಗೆ ಬರುತ್ತವೆ. ಒಂದೇ ಬೆಡಗಿನೊಳಗೆ ಮದುವೆ ನಿಷಿದ್ಧ. ಬೆಡಗು ನಿಜಕ್ಕೂ ಒಬ್ಬ ಮೂಲಪುರುಷನಿಂದ ಹೊರಟಿದ್ದರೆ, ಒಂದು ಬೆಡಗಿನ ಗಂಡಸರ ವೈ ವರ್ಣತಂತುಗಳು ಒಂದೇ ಕವಲಿಗೆ ಸೇರಿರಬೇಕು. ದತ್ತು, ಮನೆಅಳಿಯತನ, ಹೊರಗಿನವರನ್ನು ಬೆಡಗಿಗೆ ಸೇರಿಸಿಕೊಂಡದ್ದು ಇತ್ಯಾದಿ ನಡೆದಿದ್ದರೆ ಕವಲುಗಳು ಹಲವಾಗುತ್ತವೆ. ಎತ್ತಿನ ಮೇಲೆ ಊರೂರು ತಿರುಗಿ ವಂಶಾವಳಿ ಹಾಡುವ ಹೆಳವರು ಒಕ್ಕಲು ಮನೆತನಗಳ ತಂದೆಯ ಕಡೆಯ ಸಾಲನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದಾರೆ. ಹೆಳವರ ಸಾಲನ್ನೂ ವೈ ವರ್ಣತಂತುವಿನ ಸಾಲನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಅಧ್ಯಯನ ಒಬ್ಬ ಸಂಶೋಧಕನ ಹಲವು ವರ್ಷಗಳ ಶ್ರಮಕ್ಕೆ ತಕ್ಕದ್ದು ಎಂದು ನನಗೆ ಯಾವಾಗಲೂ ಅನಿಸಿದೆ. ಮದುವೆಯಾದ ಹೆಣ್ಣು ಗಂಡನ ಊರಿಗೆ ಹೋಗುವ ಪದ್ಧತಿಯಿಂದಾಗಿ ತಾಯಿಯ ಕಡೆಯ ಕವಲುಗಳು ಹಳ್ಳಿಯಿಂದ ಹಳ್ಳಿಗೆ ಹರಡುತ್ತವೆ, ತಂದೆಯ ಕಡೆಯ ಕವಲುಗಳು ಇದ್ದಲ್ಲೇ ಉಳಿಯುತ್ತವೆ. ಒಂದೇ ಊರಿನ ಈ ಎರಡು ಬಗೆಯ ಗುರುತುಗಳು ಬೇರೆ ಬೇರೆ ಕಥೆ ಹೇಳಿದರೆ ಗಾಬರಿಯಾಗಬೇಕಿಲ್ಲ.

ಒಂದು ಎಚ್ಚರಿಕೆ: ಕವಲಿನ ವಯಸ್ಸು ಸಮುದಾಯದ ವಯಸ್ಸಲ್ಲ. ಇಪ್ಪತ್ತು ಸಾವಿರ ವರ್ಷ ಹಳೆಯ ಕವಲು ನಿನ್ನೆ ಮೊನ್ನೆ ರೂಪುಗೊಂಡ ಗುಂಪಿನಲ್ಲೂ ಇರಬಹುದು.

ರಕ್ತದ ಗುಂಪಿನಿಂದ ಕೈಪಳಗಿಸಿಕೊಳ್ಳುವುದು

ಚಿಪ್‌ಗೆ ಹಣವಿಲ್ಲದ ಕಾಲೇಜಿನಲ್ಲೂ ಈ ಶಾಸ್ತ್ರದ ಹೃದಯಭಾಗವನ್ನು ಕಲಿಯಬಹುದು. ಲುಡ್ವಿಕ್ ಹಿರ್ಷ್‌ಫೆಲ್ಡ್ ಮತ್ತು ಹನ್ನಾ ಹಿರ್ಷ್‌ಫೆಲ್ಡ್ ದಂಪತಿ ಮೊದಲ ಮಹಾಯುದ್ಧದ ಕಾಲದಲ್ಲಿ ಗ್ರೀಸಿನ ಸಲೋನಿಕದಲ್ಲಿ ಬೀಡುಬಿಟ್ಟಿದ್ದ ಹಲವು ದೇಶಗಳ ಸೈನಿಕರ ರಕ್ತದ ಗುಂಪು ಪರೀಕ್ಷಿಸಿ 1919ರಲ್ಲಿ ಪ್ರಕಟಿಸಿದ ಲೇಖನದಿಂದಲೇ ಜನಸಮುದಾಯಗಳ ಆನುವಂಶಿಕ ಹೋಲಿಕೆ ಆರಂಭವಾಯಿತು ಎನ್ನಬಹುದು. ಅವರು ನೋಡಿದ ಗುಂಪುಗಳಲ್ಲಿ ಭಾರತೀಯ ಸೈನಿಕರಲ್ಲಿ ‘ಬಿ’ ಗುಂಪು ಎದ್ದು ಕಂಡಿತು. ಮೂರು ರೂಪಾಂತರಗಳುಳ್ಳ ಒಂದೇ ವಂಶವಾಹಿಯಿಂದ ಈ ನಾಲ್ಕು ಗುಂಪುಗಳು ಬರುತ್ತವೆಂದು 1924ರಲ್ಲಿ ಫೆಲಿಕ್ಸ್ ಬರ್ನ್‌ಸ್ಟೈನ್ ಲೆಕ್ಕದಿಂದಲೇ ತೋರಿಸಿದರು.

ಆ ಲೆಕ್ಕವನ್ನು ನಾವೂ ಮಾಡಬಹುದು. ರಕ್ತದಾನ ಶಿಬಿರದ ದಾಖಲೆಯಲ್ಲಿ, ಹೆಸರುಗಳನ್ನು ತೆಗೆದು, 500 ಮಂದಿಯ ಗುಂಪುಗಳು ಸಿಕ್ಕವೆಂದು ಭಾವಿಸೋಣ: ‘ಒ’ 180, ‘ಬಿ’ 156, ‘ಎ’ 124, ‘ಎಬಿ’ 40. ಇವು ಅಭ್ಯಾಸಕ್ಕಾಗಿ ನಾನು ಆರಿಸಿಕೊಂಡ ಅಂಕಿಗಳು, ಯಾವ ಊರಿನವೂ ಅಲ್ಲ. ‘ಒ’ ಗುಂಪಿನವರಿಗೆ ಎರಡೂ ಕಡೆಯಿಂದ ‘ಒ’ ರೂಪಾಂತರವೇ ಬಂದಿರಬೇಕಾದ್ದರಿಂದ, ಅವರ ಪಾಲಾದ 0.36ರ ವರ್ಗಮೂಲವೇ ‘ಒ’ ರೂಪಾಂತರದ ಆವರ್ತನ (ಗುಂಪಿನ ಒಟ್ಟು ಪ್ರತಿಗಳಲ್ಲಿ ಅದರ ಪಾಲು), ಅಂದರೆ 0.60. ‘ಎ’ ಮತ್ತು ‘ಒ’ ಗುಂಪಿನವರನ್ನು ಕೂಡಿದರೆ 304, ಅಂದರೆ 0.608, ಅದರ ವರ್ಗಮೂಲ 0.78ನ್ನು 1ರಿಂದ ಕಳೆದರೆ ‘ಬಿ’ ರೂಪಾಂತರದ ಆವರ್ತನ 0.22. ಹಾಗೆಯೇ ‘ಬಿ’ ಮತ್ತು ‘ಒ’ ಕೂಡಿ 0.672, ವರ್ಗಮೂಲ 0.82, ‘ಎ’ ರೂಪಾಂತರ 0.18. ಮೂರನ್ನೂ ಕೂಡಿದರೆ 1 ಆಗುತ್ತದೆ. ಈಗ ಹಾರ್ಡಿ–ವೈನ್‌ಬರ್ಗ್ ನಿಯಮದಂತೆ, ಅಂದರೆ ಗುಂಪಿನೊಳಗೆ ಯಾರು ಯಾರನ್ನಾದರೂ ಮದುವೆಯಾಗುವಂತಿದ್ದರೆ, ‘ಎಬಿ’ ಎಷ್ಟಿರಬೇಕು? 0.18 ಮತ್ತು 0.22ನ್ನು ಗುಣಿಸಿ ಎರಡರಷ್ಟು ಮಾಡಿದರೆ 0.079, ಅಂದರೆ 500ರಲ್ಲಿ ಸುಮಾರು 40. ದಾಖಲೆಯಲ್ಲಿದ್ದದ್ದೂ ಅಷ್ಟೇ. ನಿಮ್ಮ ಅಂಕಿಗಳಲ್ಲಿ ಈ ಹೊಂದಾಣಿಕೆ ಬರದಿದ್ದರೆ, ಶಿಬಿರಕ್ಕೆ ಬಂದವರು ಪರಸ್ಪರ ಮದುವೆಯಾಗದ ಹಲವು ಗುಂಪುಗಳ ಮಿಶ್ರಣವೇ, ಪರೀಕ್ಷೆಯಲ್ಲಿ ತಪ್ಪಾಗಿದೆಯೇ, ಸಂಖ್ಯೆ ಚಿಕ್ಕದಾಯಿತೇ ಎಂದು ಹುಡುಕುತ್ತಾ ಹೋಗಬೇಕು. ಮುಂದೆ ಆರು ಲಕ್ಷ ಸ್ನಿಪ್‌ಗಳ ಮೇಲೆ ಗಣಕ ಮಾಡುವುದೂ ಇದೇ ಕೆಲಸವನ್ನೇ. ಕಾಗದದ ಮೇಲೆ ಒಮ್ಮೆ ಮಾಡಿ ನೋಡದವರು ಗಣಕ ಕೊಟ್ಟ ಉತ್ತರವನ್ನು ಪ್ರಶ್ನಿಸಲಾರರು.

ಆದರೆ ರಕ್ತದ ಗುಂಪು ಒಂದೇ ಗುರುತು. ಒಂದು ಗುರುತಿನಿಂದ ನಂಟಿನ ತೀರ್ಮಾನಕ್ಕೆ ಬರಬಾರದು. ರಿಚರ್ಡ್ ಲೆವೊಂಟಿನ್ 1972ರಲ್ಲಿ ರಕ್ತದ ಗುಂಪು ಮತ್ತು ಪ್ರೋಟೀನುಗಳ ಮಾಹಿತಿಯಿಂದ ಲೆಕ್ಕ ಹಾಕಿದಾಗ ಮಾನವಕುಲದ ಒಟ್ಟು ಆನುವಂಶಿಕ ವೈವಿಧ್ಯದ ಸುಮಾರು ಶೇ. 85ರಷ್ಟು ಒಂದೊಂದು ಜನಸಮುದಾಯದ ಒಳಗೇ ಇರುವುದು ಕಂಡುಬಂತು. ಸಮುದಾಯಗಳ ನಡುವೆ ಉಳಿಯುವ ಚಿಕ್ಕ ಪಾಲನ್ನು ಓದಬೇಕಾದರೆ ಸಾವಿರಾರು ಗುರುತುಗಳ ಸಣ್ಣ ಸಣ್ಣ ಸುಳಿವುಗಳನ್ನು ಒಟ್ಟುಗೂಡಿಸಲೇಬೇಕು.

ಊರಿಗೆ ಹೋಗಿ ಮಾದರಿ ಪಡೆಯುವುದು

ಮೊದಲ ಹೆಜ್ಜೆ ಸಾಂಸ್ಥಿಕ ನೈತಿಕ ಸಮಿತಿಯ ಅನುಮತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳು ಈ ಬಗೆಯ ಅಧ್ಯಯನಕ್ಕೆ ಅನ್ವಯಿಸುತ್ತವೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಬಾಗೇಪಲ್ಲಿ, ಪಾವಗಡ, ಶ್ರೀನಿವಾಸಪುರಗಳ ಕಡೆ ತೆಲುಗಿನಲ್ಲೂ ಬೇಕು. ಓದು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು. ಮಾದರಿಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ, ಅದನ್ನು ಎಷ್ಟು ಕಾಲ ಇಡುತ್ತೇವೆ, ಬೇಡವೆಂದರೆ ಹಿಂದಕ್ಕೆ ಪಡೆಯುವುದು ಹೇಗೆ ಎಂಬುದೆಲ್ಲ ಆ ಪತ್ರದಲ್ಲಿ ಇರಲಿ. ಈ ಪರೀಕ್ಷೆಯಿಂದ ಯಾರ ಜಾತಿಯೂ ನಿರ್ಧಾರವಾಗುವುದಿಲ್ಲ, ಯಾವ ಪ್ರಮಾಣಪತ್ರಕ್ಕೂ ಇದು ಆಧಾರವಾಗುವುದಿಲ್ಲ ಎಂಬ ಮಾತನ್ನು ಬಾಯಿಬಿಟ್ಟು ಹೇಳಲೇಬೇಕು, ಏಕೆಂದರೆ ಊರಿನಲ್ಲಿ ಮೊದಲು ಏಳುವ ಅನುಮಾನವೇ ಅದು. ಜಾತಿ ಸಾಮಾಜಿಕ ವ್ಯವಸ್ಥೆ. ಜೀನೋಮಿನಲ್ಲಿ ಅದರ ಹೆಸರು ಬರೆದಿಲ್ಲ. ಅದು ಹಾಕಿದ ಮದುವೆಯ ಗಡಿಗಳ ಜಾಡು ಮಾತ್ರ ಆವರ್ತನಗಳಲ್ಲಿ ಉಳಿದಿರುತ್ತದೆ.

ಯಾರಿಂದ ಮಾದರಿ ಪಡೆಯಬೇಕು? ಒಬ್ಬರಿಗೊಬ್ಬರು ಹತ್ತಿರದ ಸಂಬಂಧಿಗಳಲ್ಲದ, ನಾಲ್ಕೂ ಅಜ್ಜ ಅಜ್ಜಿಯರು ಅದೇ ಸಮುದಾಯ ಮತ್ತು ಅದೇ ಸೀಮೆಯವರಾದ ಜನರಿಂದ. ಹೇಳುವುದಕ್ಕೆ ಸುಲಭ, ನಮ್ಮ ಕಡೆ ಪಾಲಿಸುವುದು ಬಹಳ ಕಷ್ಟ. ನಾನು ಈ ಕೆಲಸದಲ್ಲಿ ಕೈಯಿಟ್ಟ ಮೊದಲ ವರ್ಷ ತುಮಕೂರು ಜಿಲ್ಲೆಯ ಒಂದು ಜಾತ್ರೆಯಲ್ಲಿ ನೆರೆದವರಿಂದ ಎಂಜಲಿನ ಮಾದರಿ ಪಡೆದಿದ್ದೆವು. ಬೇರೆ ಬೇರೆ ಊರಿನ ಹೆಸರು ಹೇಳಿದ್ದರಿಂದ ಬೇರೆ ಬೇರೆ ಕುಟುಂಬಗಳೆಂದೇ ಭಾವಿಸಿದೆವು. ಫಲಿತಾಂಶ ಬಂದಾಗ ಅವರಲ್ಲಿ ಅರ್ಧದಷ್ಟು ಮಂದಿ ಯಾರು ಯಾರಿಗೆ ಹತ್ತಿರವೆಂದು ಚುಕ್ಕೆಗಳಲ್ಲಿ ತೋರಿಸುವ ನಕ್ಷೆಯ ಒಂದು ಮೂಲೆಯಲ್ಲಿ ಗೊಂಚಲಾಗಿ ಕುಳಿತಿದ್ದರು. ಹೊಸ ಸಮುದಾಯವೊಂದು ಸಿಕ್ಕಿತೆಂದು ನಾವು ಸಂಭ್ರಮಿಸುವಷ್ಟರಲ್ಲಿ, ಅವರೆಲ್ಲ ಒಂದೇ ಮನೆದೇವರಿಗೆ ಹರಕೆ ತೀರಿಸಲು ಬಂದ ಎರಡು ದೊಡ್ಡ ಕುಟುಂಬಗಳ ಬಂಧುಗಳೆಂಬುದು ವಿಚಾರಿಸಿದಾಗ ತಿಳಿಯಿತು. ಕೇಳಬೇಕಾದದ್ದನ್ನು ನಾವು ಕೇಳಿರಲಿಲ್ಲ. ಅಂದಿನಿಂದ ಜಾತ್ರೆ, ಮದುವೆ, ಹಾಸ್ಟೆಲು ಇವುಗಳಲ್ಲಿ ಮಾದರಿ ಪಡೆಯಬೇಡಿರೆಂದು ಎಲ್ಲರಿಗೂ ಹೇಳುತ್ತಿದ್ದೇನೆ.

ಇದರ ಹಿಂದೆ ನಮ್ಮ ಮದುವೆಯ ಪದ್ಧತಿಯಿದೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ರೂಢಿ ಈ ಮೂರೂ ಜಿಲ್ಲೆಗಳಲ್ಲಿ ಇದೆ. ಅಕ್ಕನ ಮಗಳನ್ನು ಮದುವೆಯಾದವನ ಮಗುವಿಗೆ ಒಂದೇ ದಂಪತಿ ತಂದೆಯ ಕಡೆಯಿಂದ ಅಜ್ಜ ಅಜ್ಜಿಯೂ, ತಾಯಿಯ ಕಡೆಯಿಂದ ಮುತ್ತಜ್ಜ ಮುತ್ತಜ್ಜಿಯೂ ಆಗುತ್ತಾರೆ. ಆ ಮಗುವಿನ ಜೀನೋಮಿನ ಎಂಟನೇ ಒಂದು ಭಾಗದಲ್ಲಿ ಎರಡೂ ಪ್ರತಿಗಳು ಒಂದೇ ಪೂರ್ವಜರಿಂದ ಬಂದವಾಗಿರುತ್ತವೆಂದು ಲೆಕ್ಕ ಹೇಳುತ್ತದೆ; ಸೋದರಮಾವನ ಮಗಳಾದರೆ ಹದಿನಾರನೇ ಒಂದು ಭಾಗ. ಹೀಗಿರುವಾಗ ‘ಸಂಬಂಧವಿಲ್ಲದವರು’ ಎಂಬ ಮಾತನ್ನು ಬಾಯಿಮಾತಿನ ಮೇಲೆ ನಂಬುವಂತಿಲ್ಲ. ಪ್ರತಿಯೊಬ್ಬರ ವಯಸ್ಸು, ಹುಟ್ಟೂರು, ಮನೆಮಾತು, ಬೆಡಗು ಅಥವಾ ಗೋತ್ರ, ಮನೆದೇವರು, ತಂದೆತಾಯಿಯರ ನಡುವೆ ಮದುವೆಗೆ ಮುಂಚೆ ಇದ್ದ ಸಂಬಂಧ, ನಾಲ್ಕು ಅಜ್ಜ ಅಜ್ಜಿಯರ ಹುಟ್ಟೂರು ಮತ್ತು ತಾಲ್ಲೂಕು, ಇಷ್ಟನ್ನು ಬರೆದುಕೊಳ್ಳಿ. ಅಜ್ಜಿಯ ತವರೂರಿನ ಬಗ್ಗೆ ಗಂಡಸರಿಗಿಂತ ಮನೆಯ ಹೆಂಗಸರಿಗೆ ಹೆಚ್ಚು ಗೊತ್ತಿರುತ್ತದೆ. ಅವರನ್ನು ಕೇಳದೆ ಪ್ರಶ್ನಾವಳಿ ಮುಗಿಸಬೇಡಿ. ಒಂದು ಊರಿನಿಂದ ಎರಡು ಮೂರಕ್ಕಿಂತ ಹೆಚ್ಚು ಮಾದರಿ ಬೇಡ. ಹತ್ತು ಊರುಗಳಿಗೆ ಹರಡಿ.

ಸಂಖ್ಯೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ: ಲಕ್ಷಗಟ್ಟಲೆ ಸ್ನಿಪ್ ಓದುವುದಾದರೆ ಒಂದು ಗುಂಪಿಗೆ 20ರಿಂದ 30 ಮಂದಿ ಸಾಕು, ಆದರೆ ಅವರು ಸರಿಯಾಗಿ ಆಯ್ದವರಾಗಿರಬೇಕು. ತಾಯಿಯ ಅಥವಾ ತಂದೆಯ ಕವಲುಗಳ ಪ್ರಮಾಣ ಅಳೆಯುವುದಾದರೆ ಒಬ್ಬೊಬ್ಬರೂ ಒಂದೊಂದೇ ಸಾಕ್ಷಿಯಾದ್ದರಿಂದ ಅದರ ಎರಡು ಮೂರು ಪಟ್ಟು ಬೇಕು. ಎಂಜಲು ಪಡೆಯುವ ಅರ್ಧ ಗಂಟೆ ಮುಂಚಿನಿಂದ ಎಲೆ ಅಡಿಕೆ, ಕಾಫಿ, ಊಟ ಯಾವುದೂ ಆಗಬಾರದು. ಕೊಳವೆಯ ಮೇಲೆ ಹೆಸರಿನ ಬದಲು ಸಂಕೇತಸಂಖ್ಯೆ ಮಾತ್ರ ಇರಲಿ. ಹೆಸರಿಗೂ ಸಂಖ್ಯೆಗೂ ಇರುವ ಕೊಂಡಿಯ ಪುಸ್ತಕ ಒಬ್ಬರ ಬಳಿ ಬೀಗದಲ್ಲಿರಲಿ.

ಹೋಲಿಕೆಗೆ ಯಾರು?

ನಮ್ಮ ಗುಂಪಿನ ಮಾಹಿತಿಯೊಂದೇ ಇದ್ದರೆ ಏನೂ ತಿಳಿಯುವುದಿಲ್ಲ. ಸಾರ್ವಜನಿಕವಾಗಿ ದೊರೆಯುವ ‘1000 ಜೀನೋಮ್ಸ್’ ಸಂಗ್ರಹದಲ್ಲಿ 26 ಜನಸಮುದಾಯಗಳ 2,504 ಮಂದಿಯ ಮಾಹಿತಿಯಿದೆ. ದಕ್ಷಿಣ ಏಷ್ಯದ್ದೆಂದು ಅದರಲ್ಲಿರುವುದು ಐದು ಗುಂಪು: ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್ನಿನಲ್ಲಿರುವ ತೆಲುಗರು ಮತ್ತು ಶ್ರೀಲಂಕಾ ತಮಿಳರು. ಕನ್ನಡಿಗರ ಗುಂಪಿಲ್ಲ. ಕೋಲಾರದ ಮಾದರಿಯನ್ನು ಇವುಗಳೊಂದಿಗೆ ಹೋಲಿಸಿ ‘ತೆಲುಗರಿಗೆ ಹತ್ತಿರ’ ಎಂಬ ಉತ್ತರ ಪಡೆದವರು, ಸಂಗ್ರಹದಲ್ಲಿ ಇರುವವರಲ್ಲಿ ಹತ್ತಿರ ಎಂದಷ್ಟೇ ಓದಿಕೊಳ್ಳಬೇಕು. ವಿದೇಶದ ಕಂಪನಿಗಳು ಮನೆಗೇ ಕಳುಹಿಸುವ ಪೂರ್ವಜ ವರದಿಗಳಿಗೂ ಇದೇ ಮಿತಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ‘ಜೀನೋಮ್‌ಇಂಡಿಯಾ’ ಯೋಜನೆ ದೇಶದ ನಾನಾ ಸಮುದಾಯಗಳ ಸುಮಾರು ಹತ್ತು ಸಾವಿರ ಜೀನೋಮುಗಳನ್ನು ಓದಿದೆ. ಆ ಮಾಹಿತಿಯನ್ನು 2025ರ ಜನವರಿಯಿಂದ ಫರಿದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದ ಮೂಲಕ, ಅರ್ಜಿ ಸಲ್ಲಿಸಿದ ಸಂಶೋಧಕರಿಗೆ ನೀಡುವ ವ್ಯವಸ್ಥೆಯಾಗಿದೆ. ನಮ್ಮ ಜಿಲ್ಲೆಗಳ ಅಧ್ಯಯನಕ್ಕೆ ಇದು ಬಹಳ ದೊಡ್ಡ ನೆರವು.

ಎರಡು ಸಂಗ್ರಹಗಳನ್ನು ಕೂಡಿಸುವಾಗ ಅವು ಅಳತೆಗೋಲಾಗಿ ಬಳಸುವ ಆಧಾರ ಜೀನೋಮಿನ ಯಾವ ಆವೃತ್ತಿಯ ಮೇಲೆ ತಾಣಸಂಖ್ಯೆ ಹಾಕಿವೆ ಎಂದು ನೋಡಿ; ಒಂದು 37, ಇನ್ನೊಂದು 38 ಆದರೆ ಪರಿವರ್ತಿಸದೆ ಕೂಡಿಸಬಾರದು. ‘ಎ–ಟಿ’ ಮತ್ತು ‘ಜಿ–ಸಿ’ ಜೋಡಿಯ ಸ್ನಿಪ್‌ಗಳಲ್ಲಿ ಡಿಎನ್‌ಎಯ ಎರಡು ಎಳೆಗಳಲ್ಲಿ ಯಾವುದರಿಂದ ಓದಿದ್ದಾರೆಂದು ತಿಳಿಯುವುದಿಲ್ಲವಾದ್ದರಿಂದ ಅವನ್ನು ಪೂರ್ತಿಯಾಗಿ ಕೈಬಿಡಿ. ಈ ಎರಡು ತಪ್ಪುಗಳಿಂದ ಹುಟ್ಟುವ ‘ವ್ಯತ್ಯಾಸ’ ಸಮುದಾಯದ್ದಲ್ಲ, ಪ್ರಯೋಗಾಲಯದ್ದು.

ಮಾಹಿತಿಯನ್ನು ಶುಚಿಗೊಳಿಸುವುದು

ಉಚಿತವಾಗಿ ಸಿಗುವ ‘ಪ್ಲಿಂಕ್’ ತಂತ್ರಾಂಶ ಸಾಕು. ಶೇ. 2ಕ್ಕಿಂತ ಹೆಚ್ಚು ಮಂದಿಯಲ್ಲಿ ಓದಲಾಗದ ಸ್ನಿಪ್‌ಗಳನ್ನು, ಹಾಗೆಯೇ ಬಹಳಷ್ಟು ಸ್ನಿಪ್‌ಗಳು ಓದಲಾಗದ ಮಾದರಿಗಳನ್ನು ತೆಗೆಯಿರಿ. ಹಾರ್ಡಿ–ವೈನ್‌ಬರ್ಗ್ ಶೋಧನೆಯನ್ನು, ಅಂದರೆ ಆ ನಿಯಮಕ್ಕೆ ಹೊಂದದ ಸ್ನಿಪ್‌ಗಳನ್ನು ತೆಗೆಯುವ ಕೆಲಸವನ್ನು, ಎಲ್ಲ ಗುಂಪುಗಳನ್ನು ಒಟ್ಟಿಗೆ ಸೇರಿಸಿ ನಡೆಸಬೇಡಿ. ಬೇರೆ ಬೇರೆ ಆವರ್ತನದ ಗುಂಪುಗಳು ಸೇರಿದಾಗ ಮಿಶ್ರಜೋಡಿಗಳು (ಎರಡು ಬೇರೆ ಬೇರೆ ರೂಪಾಂತರ ಹೊತ್ತವರು) ನಿರೀಕ್ಷೆಗಿಂತ ಕಡಿಮೆಯಾಗುವುದು ಸಹಜ. ಆಗ ನಾವು ಹುಡುಕುತ್ತಿರುವ ಸ್ನಿಪ್‌ಗಳೇ ದೋಷಪೂರ್ಣವೆಂದು ಹೊರಬೀಳುತ್ತವೆ. ಸಂಬಂಧದೊಳಗಿನ ಮದುವೆ ಹೆಚ್ಚಿರುವ ಕಡೆ ಒಂದೇ ಗುಂಪಿನೊಳಗೂ ಹೀಗಾಗುವುದರಿಂದ ಮಿತಿಯನ್ನು ಸಡಿಲವಾಗಿಡಿ.

ನಂತರ ‘ಕಿಂಗ್’ ಎಂಬ ತಂತ್ರಾಂಶದಿಂದ ಪ್ರತಿ ಇಬ್ಬರ ನಡುವಿನ ಬಂಧುತ್ವದ ಅಳತೆ ತೆಗೆಯಿರಿ. ಅಳತೆ 0.177ಕ್ಕಿಂತ ಹೆಚ್ಚಿದ್ದರೆ ತಂದೆ ಮಗ ಅಥವಾ ಒಡಹುಟ್ಟಿದವರಷ್ಟು ಹತ್ತಿರ, 0.088ಕ್ಕಿಂತ ಹೆಚ್ಚಿದ್ದರೆ ಸೋದರಮಾವ ಸೋದರಳಿಯರಷ್ಟು, 0.044ಕ್ಕಿಂತ ಹೆಚ್ಚಿದ್ದರೆ ಮೊದಲ ಪೀಳಿಗೆಯ ಸೋದರಸಂಬಂಧಿಗಳಷ್ಟು. ಜೋಡಿಯಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳಿ. ಕೊನೆಗೆ, ಅಕ್ಕಪಕ್ಕದಲ್ಲಿದ್ದು ಜೊತೆಯಾಗಿಯೇ ಸಾಗುವ ಸ್ನಿಪ್‌ಗಳು ಒಂದೇ ಸಾಕ್ಷ್ಯವನ್ನು ಹತ್ತು ಸಲ ಹೇಳದಂತೆ ತೆಳುವಾಗಿಸಬೇಕು. 50 ಸ್ನಿಪ್‌ಗಳ ಕಿಂಡಿ, 5 ಸ್ನಿಪ್‌ಗಳ ಜರುಗು, ಜೊತೆಸಾಗುವಿಕೆಯನ್ನು ಅಳೆಯುವ ಆರ್ ವರ್ಗಕ್ಕೆ 0.2ರ ಮಿತಿ ಎಂಬ ಅಳತೆಗಳಿಂದ ಆರಂಭಿಸಬಹುದು.

ನಕ್ಷೆ, ಪಾಲು, ಅಂತರ

ಪ್ರಧಾನ ಘಟಕ ವಿಶ್ಲೇಷಣೆಯಿಂದ ಆರಂಭಿಸಿ. ಲಕ್ಷಾಂತರ ಗುರುತುಗಳ ವ್ಯತ್ಯಾಸವನ್ನು ಅದು ಎರಡು ಅಕ್ಷಗಳ ಮೇಲೆ ಚುಕ್ಕೆಗಳಾಗಿ ಹರಡಿ ತೋರಿಸುತ್ತದೆ. ಭಾರತದ ಬಹುತೇಕ ಗುಂಪುಗಳು ಈ ನಕ್ಷೆಯಲ್ಲಿ ಉದ್ದನೆಯ ಓರೆಗೆರೆಯಾಗಿ ನಿಲ್ಲುತ್ತವೆ. 2009ರಲ್ಲಿ ಡೇವಿಡ್ ರೈಕ್, ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ಕೆ. ತಂಗರಾಜ್ ಮತ್ತು ಲಾಲ್ಜಿ ಸಿಂಗ್ ಮೊದಲಾದವರು 25 ಗುಂಪುಗಳ 132 ಮಂದಿಯ ಜೀನೋಮುಗಳಿಂದ ಈ ಗೆರೆಯನ್ನು ವಿವರಿಸಿದರು. ಅವರು ‘ಉತ್ತರದ ಪೂರ್ವಜ ಭಾರತೀಯರು’ ಮತ್ತು ‘ದಕ್ಷಿಣದ ಪೂರ್ವಜ ಭಾರತೀಯರು’ ಎಂದು ಹೆಸರಿಟ್ಟ ಎರಡು ಧಾರೆಗಳು ಬೇರೆ ಬೇರೆ ಪ್ರಮಾಣದಲ್ಲಿ ಕೂಡಿದ್ದರಿಂದ ಹೆಚ್ಚಿನ ಗುಂಪುಗಳು ರೂಪುಗೊಂಡವು ಎಂಬುದು ಅವರ ತೀರ್ಮಾನ. ಈ ಎರಡು ಧಾರೆಗಳೂ ಸ್ವತಃ ಬೆರಕೆಯವೇ ಎಂಬುದು ಪ್ರಾಚೀನ ಡಿಎನ್‌ಎಯ ನಂತರದ ಅಧ್ಯಯನಗಳಿಂದ ತಿಳಿಯಿತು. ಆದ್ದರಿಂದ ಶುದ್ಧ ಮೂಲವೊಂದನ್ನು ಹುಡುಕುವವರಿಗೆ ಈ ಶಾಸ್ತ್ರದಲ್ಲಿ ಎಲ್ಲಿಯೂ ನಿಲ್ದಾಣವಿಲ್ಲ.

ಕೋಲಾರದ ಕೆರೆಸಾಲನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇಲಿನ ಕೆರೆ ಕೋಡಿ ಬಿದ್ದು ಕೆಳಗಿನ ಕೆರೆಗೆ ಹರಿಯುತ್ತದೆ; ಅಲ್ಲಿಗೆ ಇನ್ನೊಂದು ದಿಕ್ಕಿನ ಹಳ್ಳವೂ ಸೇರುತ್ತದೆ. ಕೆಳಗಿನ ಕೆರೆಯ ನೀರಿನಲ್ಲಿ ಯಾವ ಕಡೆಯ ಪಾಲು ಎಷ್ಟೆಂದು ಕರಗಿದ ಲವಣಗಳನ್ನು ಅಳೆದು ಅಂದಾಜು ಮಾಡಬಹುದು, ಆದರೆ ಮೇಲಿನ ಕೆರೆಯೂ ಅದರ ಮೇಲಿನ ಕೆರೆಗಳಿಂದ ತುಂಬಿದ್ದೇ.

ನಕ್ಷೆಯನ್ನು ಓದುವಾಗ ಆಗುವ ದೊಡ್ಡ ತಪ್ಪೆಂದರೆ ದೂರ ನಿಂತ ಗೊಂಚಲನ್ನು ‘ಬಹಳ ಹಳೆಯ, ಬೇರೆಯದೇ ಮೂಲದ ಜನ’ ಎಂದು ತಿಳಿಯುವುದು. ಕೆಲವೇ ಕುಟುಂಬಗಳಿಂದ ಬೆಳೆದು ತಮ್ಮೊಳಗೇ ಮದುವೆಯಾಗುತ್ತ ಬಂದ ಗುಂಪಿನಲ್ಲಿ ಆವರ್ತನಗಳು ಆಕಸ್ಮಿಕವಾಗಿಯೇ ಏರುಪೇರಾಗಿ ಅದು ನಕ್ಷೆಯ ಅಂಚಿಗೆ ಸರಿಯುತ್ತದೆ. ‘ಅಡ್‌ಮಿಕ್ಸ್‌ಚರ್’ ತಂತ್ರಾಂಶ ಪ್ರತಿಯೊಬ್ಬರ ಜೀನೋಮನ್ನು ಕೆಲವು ಪಾಲುಗಳಾಗಿ ವಿಂಗಡಿಸಿ ತೋರಿಸುವ ಬಣ್ಣದ ಪಟ್ಟಿಗಳಲ್ಲೂ ಇಂಥ ಗುಂಪಿಗೆ ಪ್ರತ್ಯೇಕ ಬಣ್ಣ ಬಂದುಬಿಡುತ್ತದೆ. ಆ ಬಣ್ಣ ಒಂದು ಪುರಾತನ ಜನಾಂಗವಲ್ಲ. ಎಷ್ಟು ಬಣ್ಣಗಳೆಂದು ಹೇಳುವವರು ನಾವೇ ಆದ್ದರಿಂದ, ಎರಡರಿಂದ ಏಳೆಂಟರವರೆಗೆ ಎಲ್ಲ ಸಂಖ್ಯೆಗಳನ್ನೂ ಪ್ರಯತ್ನಿಸಿ, ಪ್ರತಿಯೊಂದನ್ನೂ ಹಲವು ಸಲ ಓಡಿಸಿ, ಎಲ್ಲ ಚಿತ್ರಗಳನ್ನೂ ವರದಿಯಲ್ಲಿ ಕೊಡಿ. ಮನಸ್ಸಿಗೆ ಒಪ್ಪಿದ ಒಂದನ್ನು ಮಾತ್ರ ಆರಿಸಿ ತೋರಿಸುವುದು ಅಪ್ರಾಮಾಣಿಕತೆ.

ಗುಂಪುಗಳ ನಡುವಿನ ಅಂತರಕ್ಕೆ ಎಫ್‌ಎಸ್‌ಟಿ ಎಂಬ ಅಳತೆಯಿದೆ. ಒಂದು ಸ್ನಿಪ್ಪಿನ ರೂಪಾಂತರವೊಂದು ಮೊದಲ ಗುಂಪಿನಲ್ಲಿ 0.3, ಎರಡನೆಯದರಲ್ಲಿ 0.5 ಇದೆಯೆಂದುಕೊಳ್ಳಿ. ಎರಡೂ ಒಂದಾಗಿದ್ದರೆ ಸರಾಸರಿ 0.4ರಂತೆ ಮಿಶ್ರಜೋಡಿಗಳು 0.48 ಇರಬೇಕಿತ್ತು. ಗುಂಪುಗಳೊಳಗೆ ಅವು 0.42 ಮತ್ತು 0.50, ಸರಾಸರಿ 0.46. ಕೊರತೆಯಾದ 0.02ನ್ನು 0.48ರಿಂದ ಭಾಗಿಸಿದರೆ ಸುಮಾರು 0.04. ಇದನ್ನು ಎಲ್ಲ ಸ್ನಿಪ್‌ಗಳ ಮೇಲೂ ಮಾಡಬೇಕು. ಮಾದರಿಯ ಗಾತ್ರಕ್ಕೆ ತಕ್ಕ ತಿದ್ದುಪಡಿಯನ್ನು ತಂತ್ರಾಂಶವೇ ಮಾಡುತ್ತದೆ.

ಮಿಶ್ರಣ ನಡೆದಿದೆಯೇ ಎಂದು ಪರೀಕ್ಷಿಸಲು ‘ಅಡ್‌ಮಿಕ್ಸ್‌ಟೂಲ್ಸ್’ನ ಎಫ್3 ಪರೀಕ್ಷೆ (ನಮ್ಮ ಗುಂಪಿನ ಆವರ್ತನಗಳನ್ನು ಇನ್ನೆರಡು ಗುಂಪುಗಳದ್ದರೊಂದಿಗೆ ಹೋಲಿಸುವ ಲೆಕ್ಕ) ಒಳ್ಳೆಯದು. ಉತ್ತರ ಸ್ಪಷ್ಟವಾಗಿ ಋಣಾತ್ಮಕವಾದರೆ ಮಿಶ್ರಣ ಖಚಿತ. ಧನಾತ್ಮಕವಾದರೆ ಮಿಶ್ರಣವಿಲ್ಲವೆಂದು ಬರೆಯಬೇಡಿ. ಒಳಬಾಂಧವ್ಯ (ತಮ್ಮೊಳಗೇ ಮದುವೆಯಾಗುವ ರೂಢಿ) ಗಾಢವಾಗಿರುವ ಗುಂಪುಗಳಲ್ಲಿ ನಿಜವಾದ ಮಿಶ್ರಣವೂ ಈ ಪರೀಕ್ಷೆಗೆ ಮರೆಯಾಗುತ್ತದೆ. ನಮ್ಮ ಸೀಮೆಯ ಬಹಳಷ್ಟು ಗುಂಪುಗಳ ವಿಷಯದಲ್ಲಿ ಈ ಸಾಧ್ಯತೆಯನ್ನು ಎದುರಿಸಬೇಕಾಗುತ್ತದೆ.

ನಿಸರ್ಗದ ಆಯ್ಕೆಯ ಒತ್ತಡಕ್ಕೆ ಒಳಗಾದ ವಂಶವಾಹಿಗಳನ್ನು ನಂಟಿನ ಸಾಕ್ಷಿಯಾಗಿ ಹಿಡಿಯಬಾರದು. ಮಲೇರಿಯ ಇದ್ದೆಡೆಗಳಲ್ಲಿ ಕುಡಗೋಲು ಕಣದ (ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುವ ರೋಗದ) ರೂಪಾಂತರ ಉಳಿದುಬಂದದ್ದು ಅದು ಕೊಡುವ ರಕ್ಷಣೆಯಿಂದ; ದೊಡ್ಡವರಾದ ಮೇಲೂ ಹಾಲನ್ನು ಜೀರ್ಣಿಸಿಕೊಳ್ಳುವ ರೂಪಾಂತರ ಪಶುಪಾಲಕರಲ್ಲಿ ಹೆಚ್ಚಿರುವುದು ಹಾಲಿನ ಬಳಕೆಯಿಂದ. ಚರ್ಮದ ಬಣ್ಣದ ವಂಶವಾಹಿಗಳಿಗೂ ಇದೇ ಮಾತು ಸಲ್ಲುತ್ತದೆ.

ಕಾಲವನ್ನು ಅಳೆಯುವುದು

ಎರಡು ಧಾರೆಗಳು ಕೂಡಿದ ಮೊದಲ ತಲೆಮಾರುಗಳಲ್ಲಿ ಒಂದೊಂದು ಧಾರೆಯ ಡಿಎನ್‌ಎ ತುಂಡುಗಳು ಉದ್ದವಾಗಿರುತ್ತವೆ. ಪ್ರತಿ ತಲೆಮಾರಿನಲ್ಲೂ ವರ್ಣತಂತುಗಳು ತುಂಡಾಗಿ ಮರುಜೋಡಣೆಯಾಗುವುದರಿಂದ ಅವು ಗಿಡ್ಡವಾಗುತ್ತ ಹೋಗುತ್ತವೆ; ಆ ಉದ್ದದಿಂದ ತಲೆಮಾರುಗಳನ್ನು ಎಣಿಸಬಹುದು. ಪ್ರಿಯಾ ಮೂರ್ಜಾನಿ ಮತ್ತು ಸಂಗಡಿಗರು 2013ರಲ್ಲಿ 73 ಗುಂಪುಗಳ ಮೇಲೆ ಈ ಲೆಕ್ಕ ಮಾಡಿ, ಭಾರತದ ಎರಡು ಧಾರೆಗಳ ಬೆರಕೆ ಸುಮಾರು 1,900ರಿಂದ 4,200 ವರ್ಷಗಳ ಹಿಂದೆ ನಡೆಯಿತೆಂದು ಅಂದಾಜಿಸಿದರು. ಆ ಕಾಲದಲ್ಲಿ ಸಮುದಾಯಗಳ ನಡುವೆ ಮದುವೆಗಳು ವ್ಯಾಪಕವಾಗಿ ನಡೆದಿದ್ದವು, ಬಾಗಿಲು ಮುಚ್ಚಿದ್ದು ಆಮೇಲೆ. ಪಾರ್ಥ ಮಜುಂದಾರ್ ಮತ್ತು ಸಂಗಡಿಗರು 2016ರಲ್ಲಿ ಕೆಲವು ಸಮುದಾಯಗಳಲ್ಲಿ ಒಳಬಾಂಧವ್ಯ ಬಿಗಿಯಾದದ್ದು ಸುಮಾರು 70 ತಲೆಮಾರುಗಳ ಹಿಂದೆ ಎಂದು ಲೆಕ್ಕ ಹಾಕಿದರು. ನಿಮ್ಮ ಗುಂಪಿಗೆ ಬಂದ ಅಂಕಿ ಒಂದೇ ಘಟನೆಯ ದಿನಾಂಕವಲ್ಲ. ಬೆರಕೆ ಹಲವು ಸಲ ನಡೆದಿದ್ದರೆ ಈಚಿನದೇ ಹೆಚ್ಚು ಕಾಣುತ್ತದೆ.

ಒಬ್ಬರ ಜೀನೋಮಿನಲ್ಲಿ ಎರಡೂ ಪ್ರತಿಗಳು ಒಂದೇ ಆಗಿರುವ ಉದ್ದನೆಯ ಪಟ್ಟೆಗಳನ್ನೂ ಎಣಿಸಿ. ಬಹಳ ಉದ್ದದ ಪಟ್ಟೆಗಳು ತಂದೆತಾಯಿಯರ ಹತ್ತಿರದ ಸಂಬಂಧವನ್ನು, ಗಿಡ್ಡ ಪಟ್ಟೆಗಳ ಹೆಚ್ಚಳ ಇಡೀ ಸಮುದಾಯ ಒಂದು ಕಾಲದಲ್ಲಿ ಚಿಕ್ಕದಾಗಿತ್ತೆಂಬುದನ್ನು ಹೇಳುತ್ತವೆ. ಪ್ರಶ್ನಾವಳಿಯಲ್ಲಿ ತಂದೆತಾಯಿಯರ ಸಂಬಂಧ ಬರೆದುಕೊಂಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಊರಿಗೆ ಹಿಂದಿರುಗುವುದು

ಮಾದರಿ ಕೊಟ್ಟವರಿಗೆ ಫಲಿತಾಂಶವನ್ನು ಅವರ ಮಾತಿನಲ್ಲಿ ಹೇಳದೆ ಅಧ್ಯಯನ ಮುಗಿಯುವುದಿಲ್ಲ. ಹೇಳುವಾಗ ಗುಂಪಿನ ಮಾತು ಮಾತ್ರ; ಯಾರ ಮನೆಯ ವಿಷಯವೂ ಸಭೆಯಲ್ಲಿ ಬರಬಾರದು. ಬಂಧುತ್ವದ ಪರೀಕ್ಷೆಯಲ್ಲಿ ಕುಟುಂಬದವರಿಗೆ ಗೊತ್ತಿಲ್ಲದ ಸಂಗತಿ ಹೊರಬಿದ್ದರೆ ಅದು ಸಂಶೋಧಕನಲ್ಲೇ ಉಳಿಯಬೇಕು. ಇದನ್ನು ಒಪ್ಪಿಗೆ ಪತ್ರದಲ್ಲಿ ಮೊದಲೇ ಬರೆದಿರಬೇಕು.

ಇಂಥ ಸಭೆಗಳಲ್ಲಿ ಜನ ಹೆಚ್ಚು ಆಸಕ್ತಿಯಿಂದ ಕೇಳುವುದು ಪೂರ್ವಜರ ಪಾಲಿನ ಬಗ್ಗೆಯಲ್ಲ, ಆರೋಗ್ಯದ ಬಗ್ಗೆ. 2017ರಲ್ಲಿ ದಕ್ಷಿಣ ಏಷ್ಯದ 263 ಗುಂಪುಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ 81 ಗುಂಪುಗಳು, ಕೆಲವೇ ಪೂರ್ವಜರಿಂದ ಬೆಳೆದುಬಂದದ್ದರ ಗುರುತನ್ನು, ಈ ವಿಷಯದಲ್ಲಿ ಹೆಸರಾದ ಫಿನ್‌ಲೆಂಡಿನ ಜನರಿಗಿಂತಲೂ ಆಶ್ಕೆನಾಜಿ ಯಹೂದಿಗಳಿಗಿಂತಲೂ ಗಾಢವಾಗಿ ಹೊತ್ತಿರುವುದು ಕಂಡುಬಂತು. ಅಂಥ ಗುಂಪುಗಳಲ್ಲಿ ಬೇರೆಡೆ ಅಪರೂಪವಾದ ರೂಪಾಂತರಗಳು ಆಕಸ್ಮಿಕವಾಗಿ ಹೆಚ್ಚಿರುತ್ತವೆ. ವೈಶ್ಯ ಸಮುದಾಯದಲ್ಲಿ ಬ್ಯುಟಿರಿಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವದ ಕೊರತೆ ಹೆಚ್ಚಿರುವುದು ಇದಕ್ಕೆ ಚೆನ್ನಾಗಿ ತಿಳಿದಿರುವ ಉದಾಹರಣೆ. ದಿನನಿತ್ಯದ ಬದುಕಿಗೆ ಅದರಿಂದ ತೊಂದರೆಯಿಲ್ಲ. ಆದರೆ ಶಸ್ತ್ರಚಿಕಿತ್ಸೆಗೆ ಮುಂಚೆ ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಮೆಥೋನಿಯಂ ಔಷಧದ ಪರಿಣಾಮ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುವುದು, ಇವರಲ್ಲಿ ಗಂಟೆಗಟ್ಟಲೆ ಇಳಿಯದೆ ಉಸಿರಾಟಕ್ಕೆ ಯಂತ್ರದ ನೆರವು ಬೇಕಾಗಬಹುದು. ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆಯ ನಂತರ ಎಚ್ಚರವಾಗಲು, ಉಸಿರಾಡಲು ಬಹಳ ಹೊತ್ತು ಹಿಡಿದಿದ್ದರೆ ಅದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಅರಿವಳಿಕೆ ವೈದ್ಯರಿಗೆ ತಿಳಿಸಬೇಕು. ಕಿಣ್ವದ ಮಟ್ಟವನ್ನು ರಕ್ತಪರೀಕ್ಷೆಯಿಂದ ತಿಳಿದು, ಕೊರತೆಯಿದ್ದವರಿಗೆ ಬೇರೆ ಔಷಧವನ್ನು ಆರಿಸಲು ವೈದ್ಯರಿಗೆ ಸಾಧ್ಯವಾಗುತ್ತದೆ.